ಛಾಪಾ ಕಾಗದದ ಮೇಲೆ ಒಂದು ಬಾವಿ

ಆ ಹಳ್ಳಿಯ ಹೆಸರನ್ನು ನಾನು ಬರೆಯುವುದಿಲ್ಲ. ಕೆಂಗೇರಿ ದಾಟಿ, ಮೈಸೂರು ರಸ್ತೆಯಲ್ಲಿ ಬಸ್ಸಿಳಿದು, ಬಂಡಿದಾರಿಯಲ್ಲಿ ಅರ್ಧ ಗಂಟೆ ನಡೆದರೆ ಸಿಗುತ್ತಿತ್ತು ಎಂದಷ್ಟೇ ಹೇಳುತ್ತೇನೆ. ಈಗ ಹುಡುಕಿಕೊಂಡು ಹೋದರೂ ಸಿಗುವುದಿಲ್ಲ. ಅಲ್ಲಿ ಈಗ ಮುಖ್ಯರಸ್ತೆ, ಅಡ್ಡರಸ್ತೆ ಎಂದು ನಂಬರು ಹಾಕಿದ ಬೀದಿಗಳಿವೆ. ಅಲ್ಲಿದ್ದವರ ಹೆಸರನ್ನೂ ಬರೆಯುವುದಿಲ್ಲ. ಒಂದು ಸಲ ಬರೆದು ಮಾಡಿದ ಅನಾಹುತವೇ ಸಾಕಷ್ಟಿದೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ಆಗ ಕಾಮಾಕ್ಷಿಪಾಳ್ಯದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಶಾಲೆಯ ಒಂದು ಪಕ್ಕಕ್ಕೆ ತಗಡು ಬಡಿಯುವ ವರ್ಕ್‌ಶಾಪು, ಇನ್ನೊಂದು ಪಕ್ಕಕ್ಕೆ ಹೊಲಿಗೆ ಮಿಷನ್ನುಗಳ ಗಾರ್ಮೆಂಟ್ಸು. ಪಾಣಿಪತ್ ಯುದ್ಧದ ಪಾಠ ಮಾಡುವಾಗ ಆ ತಗಡಿನ ಸದ್ದು ಒದಗಿ ಬರುತ್ತಿತ್ತು. ಬುದ್ಧನಿಗೆ ಜ್ಞಾನೋದಯವಾಗುವ ಹೊತ್ತಿಗೆ ಮಾತ್ರ ಕಷ್ಟವಾಗುತ್ತಿತ್ತು. ಹನ್ನೊಂದು ವರ್ಷ ಅದೇ ಪಾಠ, ಅದೇ ನೋಟ್ಸು, ಮೂರು ಸೆಕ್ಷನ್ನಿಗೆ ಮೂರು ಸಲ. ಅಂಚೆ ತೆರಪಿನ ಶಿಕ್ಷಣದಲ್ಲಿ ಹೇಗೋ ಎಂ.ಎ. ಮಾಡಿಕೊಂಡಿದ್ದೆ. ಇನ್ನೂ ಓದಬೇಕು ಎನ್ನುವ ಆಸೆ ಇತ್ತು. ರಾಜಾಜಿನಗರದ ಬಾಡಿಗೆ ಮನೆ, ಫ್ಯಾಕ್ಟರಿ ಶಿಫ್ಟಿಗೆ ಹೋಗುವ ಗಂಡ, ಮಂಡಿ ನೋವಿನ ಅತ್ತೆ, ಇಬ್ಬರು ಮಕ್ಕಳು, ಇವರ ನಡುವೆ ಅದನ್ನು ಬಾಯಿಬಿಟ್ಟು ಹೇಳುವುದಕ್ಕೇ ನಾಚಿಕೆಯಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಸ್ಟಾಫ್ ರೂಮಿನ ಬೋರ್ಡಿನ ಮೇಲೆ ಒಂದು ಸುತ್ತೋಲೆ ಅಂಟಿಸಿದ್ದರು. ಊರಿನ ಒಂದು ದತ್ತಿ ಸಂಸ್ಥೆಯವರು ಶಾಲಾ ಶಿಕ್ಷಕರಿಗೆ ಎಂ.ಫಿಲ್. ಓದಲು ನೆರವು ಕೊಡುತ್ತಾರಂತೆ. ಎರಡು ವರ್ಷದ ಫೀಸು ಅವರದು, ನಮ್ಮ ಬದಲಿಗೆ ಪಾಠ ಮಾಡುವವರ ಸಂಬಳವೂ ಅವರದು. ಆದರೆ ವಿಷಯ ಮಾತ್ರ ಅವರು ಹೇಳಿದ್ದೇ ಆಗಬೇಕು. ನಾವಿರುವ ಕಡೆಯಲ್ಲೇ, ನಮ್ಮ ಸುತ್ತಮುತ್ತಲಿನ ಊರುಗಳಲ್ಲೇ, ಜನ ತಮ್ಮ ಹಕ್ಕಿಗಾಗಿ ನಿಂತ ಚರಿತ್ರೆಯನ್ನು ಹುಡುಕಿ ಬರೆಯಬೇಕು. ವಯಸ್ಸು ಮೂವತ್ತೈದು ದಾಟಿರಬಾರದು. ನನಗೆ ಮೂವತ್ತನಾಲ್ಕು ತುಂಬಿ ಎಂಟು ತಿಂಗಳಾಗಿತ್ತು. ಈ ವರ್ಷ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಹೆಡ್‌ಮಾಸ್ಟರು ಸುತ್ತೋಲೆಯನ್ನು ಕನ್ನಡಕದ ಮೇಲಿಂದ ನೋಡಿ, "ನಿಮ್ಮ ಬದಲಿಗೆ ಬರೋರ ಸಂಬಳ ಅವರು ಕೊಟ್ರೆ ಹೋಗಿ ಮೇಡಂ, ನಂದೇನೂ ಅಡ್ಡಿಯಿಲ್ಲ. ಕೊಡ್ದೇ ಇದ್ರೆ ಮ್ಯಾನೇಜ್‌ಮೆಂಟಿನೋರು ಒಂದು ದಿನಕ್ಕೂ ಬಿಡಲ್ಲ" ಎಂದರು. ಅಷ್ಟು ಮಾತು ನನಗೆ ಬೇಕಾದಷ್ಟಾಯಿತು. ಆದರೆ ನಮ್ಮ ಕಡೆ ಯಾರು, ಯಾವ ಹಕ್ಕಿಗಾಗಿ ನಿಂತಿದ್ದರು? ಹನ್ನೊಂದು ವರ್ಷ ಪಾಠ ಮಾಡಿದ್ದರೂ ನನಗೆ ಗೊತ್ತಿರಲಿಲ್ಲ. ನಮ್ಮ ಪುಸ್ತಕದಲ್ಲಿ ಹೋರಾಟವೆಲ್ಲ ದೂರದ ಊರುಗಳಲ್ಲಿ ನಡೆದು, ಅಲ್ಲೇ ಮುಗಿಯುತ್ತಿತ್ತು.

ನಮ್ಮ ಶಾಲೆಯಲ್ಲಿ ಒಬ್ಬಳು ಆಯಾ ಇದ್ದಳು. ನನ್ನ ವಯಸ್ಸಿನವಳೇ. ಗಂಟೆ ಹೊಡೆಯುವುದು, ನೋಟೀಸು ಪುಸ್ತಕ ಹಿಡಿದು ಕ್ಲಾಸಿನಿಂದ ಕ್ಲಾಸಿಗೆ ಹೋಗುವುದು, ಸ್ಟಾಫ್ ರೂಮಿನ ಮಣ್ಣಿನ ಹೂಜಿಗೆ ನೀರು ತುಂಬುವುದು ಅವಳ ಕೆಲಸ. ಅವಳು ಯಾವ ಕೇರಿಯವಳೆಂದು ತಿಳಿದ ಮೇಲೆ ನಮ್ಮ ಸಹೋದ್ಯೋಗಿಯೊಬ್ಬರು ಮನೆಯಿಂದ ಸ್ಟೀಲ್ ಕೂಜದಲ್ಲಿ ನೀರು ತರತೊಡಗಿದ್ದರು. ಗಂಟಲು ಸೂಕ್ಷ್ಮ ಎಂದು ಕಾರಣ ಹೇಳಿದರು. ನಾನು ಹೂಜಿಯ ನೀರನ್ನೇ ಕುಡಿಯುತ್ತಿದ್ದೆ, ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಆದರೆ ಆ ಸಹೋದ್ಯೋಗಿಗೆ ಒಂದು ಮಾತೂ ಆಡಲಿಲ್ಲ.

ಒಂಬತ್ತನೆಯ ಕ್ಲಾಸಿಗೆ ಮೂಲಭೂತ ಹಕ್ಕುಗಳ ಪಾಠ ಮಾಡುತ್ತಿದ್ದಾಗ ಆಯಾ ನೋಟೀಸು ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸಾಮಾನ್ಯವಾಗಿ ಸೀದಾ ಒಳಗೆ ಬಂದು ಸಹಿ ಹಾಕಿಸಿಕೊಂಡು ಹೋಗುವವಳು ಅವತ್ತು ಪಾಠ ಮುಗಿಯುವವರೆಗೂ ನಿಂತಳು. ಆಮೇಲೆ ಕಾರಿಡಾರಿನಲ್ಲಿ ನನ್ನ ಹಿಂದೆಯೇ ಬಂದಳು.

"ಮಿಸ್, ಬಾವಿ, ಕೆರೆ, ಹೋಟ್ಲು ಎಲ್ಲಾ ಎಲ್ಲರಿಗೂ ಅಂತ ಹೇಳಿದ್ರಲ್ಲ ಈಗ. ನಮ್ಮವ್ವ ಸೇದಿದ್ರು ಮಿಸ್."

"ಏನು ಸೇದಿದ್ರು?"

"ಊರ ಬಾವಿ ನೀರು. ನಾನಿನ್ನೂ ಹುಟ್ಟಿರ್ಲಿಲ್ಲ. ಆರು ತಿಂಗ್ಳು ನಮ್ಮ ಕೇರಿಗೆ ಯಾರೂ ಕೂಲಿ ಕೊಡ್ಲಿಲ್ವಂತೆ."

ಅವಳು ಹೋಗಿ ಗಂಟೆ ಹೊಡೆದಳು. ನಾನು ಚಾಕ್‌ಪೀಸಿನ ಕೈಯಲ್ಲೇ ನಿಂತಿದ್ದೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಅನ್ನಿಸಿದ್ದು ಅಯ್ಯೋ ಪಾಪ ಎಂದಲ್ಲ. ವಿಷಯ ಸಿಕ್ಕಿತು ಎಂದು.

ಮುಂದಿನ ಭಾನುವಾರ ಅವಳ ಜೊತೆ ಅವಳ ತೌರಿಗೆ ಹೋದೆ. ಕೆಂಗೇರಿ ಉಪನಗರದ ಆಚೆ ಹೊಲಗಳಲ್ಲಿ ಸೈಟಿನ ಕಲ್ಲು ನೆಡುತ್ತಿದ್ದ ಕಾಲ. ಊರಿನಿಂದ ಸ್ವಲ್ಪ ಆಚೆಗೆ ಕೇರಿ, ಕೇರಿಯ ಕೊನೆಗೆ ಅವರ ಮನೆ. ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಸಣ್ಣ ಮೈ, ದೊಡ್ಡ ಕೈ. ಬಿಸಿಲಿನಲ್ಲಿ ನಡೆದು ನನಗೆ ಗಂಟಲು ಒಣಗಿತ್ತು. ಅಜ್ಜಿ ನನ್ನನ್ನು ನೋಡಿದರು, ಮಗಳನ್ನು ನೋಡಿದರು, ಆಮೇಲೆ ಕೇಳಿದರು.

"ನಮ್ಮನೇಲಿ ನೀರು ಕುಡೀತೀರೇನವ್ವಾ?"

ಕುಡಿಯುತ್ತೇನೆ ಎಂದೆ. ಲೋಟ ಬೆಳಗಿದ್ದನ್ನೇ ಮತ್ತೊಮ್ಮೆ ಬೆಳಗಿ ತಂದುಕೊಟ್ಟರು. ಒಂದೇ ಉಸಿರಿಗೆ ಕುಡಿದು ಇನ್ನೊಂದು ಲೋಟ ಕೇಳಿದೆ. ಅಜ್ಜಿ ನಕ್ಕರು. ಅಲ್ಲಿಂದ ಮಾತು ಸಲೀಸಾಯಿತು.

ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿತ್ತಂತೆ. ಕೇರಿಯ ಹೆಂಗಸರು ಬಿಂದಿಗೆ ಇಟ್ಟುಕೊಂಡು ಊರ ಬಾವಿಯಿಂದ ದೂರದಲ್ಲಿ ನಿಲ್ಲಬೇಕಿತ್ತು. ಊರಿನವರು ಯಾರಾದರೂ ಮನಸ್ಸು ಬಂದು ಸೇದಿ ಎತ್ತರದಿಂದ ಹುಯ್ದರೆ ನೀರು, ಇಲ್ಲದಿದ್ದರೆ ಇಲ್ಲ. ಅವತ್ತು ಅಜ್ಜಿ ಬೆಳಿಗ್ಗೆಯಿಂದ ನಿಂತಿದ್ದರು. ಊರಲ್ಲಿ ಯಾರದೋ ಮದುವೆ, ಬಾವಿಯ ಹತ್ತಿರ ಯಾರೂ ಬರಲಿಲ್ಲ. ಮನೆಯಲ್ಲಿ ಕೂಸಿಗೆ ಜ್ವರ. ಬಾವಿಗೆ ರಾಟೆ ಇತ್ತು, ಹಗ್ಗ ಇರಲಿಲ್ಲ, ಹಗ್ಗವನ್ನು ಅವರವರೇ ಮನೆಯಿಂದ ತರಬೇಕು. ಕೇರಿಯ ಯಾರ ಮನೆಯಲ್ಲೂ ಬಾವಿಗೆ ಸಾಲುವಷ್ಟು ಉದ್ದದ ಹಗ್ಗವೇ ಇರಲಿಲ್ಲ. ಎಂದೂ ಸೇದದವರಿಗೆ ಬಾವಿಯ ಹಗ್ಗ ಯಾಕೆ?

"ಎರಡು ದನ ಕಟ್ಟೋ ಹಗ್ಗ ತಂದು ಗಂಟು ಹಾಕ್ದೆ ಕಣವ್ವ. ಬಿಂದಿಗೆ ಇಳೀತು, ತುಂಬ್ತು. ಎಳ್ಕತಾ ಇದೀನಿ, ಅರ್ಧಕ್ಕೆ ಬಂದಾಗ ಆ ಗಂಟು ರಾಟೇಲಿ ಸಿಕ್ಕಾಕ್ಕಂತು. ಮ್ಯಾಕ್ಕೂ ಬರದು, ಕೆಳೀಕೂ ಹೋಗದು. ಅಷ್ಟೊತ್ತಿಗೆ ಜನ ಬಂದ್ರು ನೋಡು. ಬಿಡೇ ಹಗ್ಗ, ಬಿಡೇ ಹಗ್ಗ ಅಂತಾರೆ. ಬಿಟ್ರೆ ಬಿಂದಿಗೆ ಹೋಯ್ತದಲ್ಲ, ಬಿಂದಿಗೆ ನಮ್ಮತ್ತೇದು! ನಾನು ಬಿಡ್ನೇ ಇಲ್ಲ."

ಅಜ್ಜಿಗೆ ಅದನ್ನು ಹೇಳುವಾಗ ನಗು ಬರುತ್ತಿತ್ತು. ಮಿಕ್ಕಿದ್ದನ್ನು ಹೇಳುವಾಗ ಬರಲಿಲ್ಲ. ಗಂಡನನ್ನು ಹುಣಸೆಮರದ ಕೆಳಗೆ ಹೊಡೆದರು. ಆರು ತಿಂಗಳು ಕೂಲಿಯಿಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ, ರಾಗಿ ಬೀಸಿಸಲು ಕೆಂಗೇರಿಯವರೆಗೂ ಹೊತ್ತು ನಡೆಯಬೇಕಾಯಿತು. ಕೇರಿಯವರು ಯಾರಿಂದಲೋ ಅರ್ಜಿ ಬರೆಸಿದರು. ಕೊನೆಗೆ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದು, ಬಾವಿ ಎಲ್ಲರದೂ ಎಂದು ಊರವರೆದುರು ಕಾಗದ ಓದಿ ಹೋದ.

"ಬಾವಿ ನಮಗಾಯ್ತು. ಊರೋರು ಬ್ಯಾರೆ ಬಾವಿ ತೋಡ್ಕಂಡ್ರು" ಎಂದು ಹೇಳಿ ಅಜ್ಜಿ ಅವರೆಕಾಯಿಯ ಮೊರ ಕೊಡವಿದರು.

ವಾಪಸು ಬರುವಾಗ ದಾರಿಯಲ್ಲಿ ಆಯಾ ಹೇಳಿದಳು. ಜ್ವರ ಬಂದಿದ್ದ ಆ ಕೂಸು ಅವಳ ಅಣ್ಣ. "ಅಣ್ಣಂಗೆ ಗೊತ್ತಿಲ್ಲ ಮಿಸ್. ಅವ್ವ ನೀರು ಸೇದಿದ್ದು ಗೊತ್ತು, ತನಗೋಸ್ಕರ ಅಂತ ಗೊತ್ತಿಲ್ಲ. ಅವ್ನು ಊರೋರ ಹೊಲಕ್ಕೇ ಕೂಲಿಗೆ ಹೋಗ್ಬೇಕಲ್ಲ, ಮನಸ್ಸಲ್ಲಿ ಇಟ್ಕೊಂಡ್ರೆ ಕಷ್ಟ ಅಂತ ಅವ್ವ ಹೇಳೇ ಇಲ್ಲ." ನಾನು ಬಸ್ಸಿನಲ್ಲಿ ಕೂತು ಇದನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡೆ.

ಜ್ಞಾನಭಾರತಿಯಲ್ಲಿ ನನಗೆ ಮಾರ್ಗದರ್ಶನ ಮಾಡಲು ಒಪ್ಪಿದ್ದ ಪ್ರೊಫೆಸರ್ ಒಬ್ಬರಿದ್ದರು. ಮೃದು ಸ್ವಭಾವದವರು, ಯಾರಿಗೂ ಇಲ್ಲ ಎನ್ನಲಾರದವರು. ನೀಲಗಿರಿ ಮರಗಳ ಕಡೆಗೆ ಕಿಟಕಿಯಿದ್ದ ಅವರ ಕೋಣೆಯಲ್ಲಿ ಕೂತು ನಾನು ಬಾವಿಯ ಕಥೆಯನ್ನು ಪೂರ್ತಿ ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ತುಂಬಾ ದೊಡ್ಡ ವಿಷಯ ಅಮ್ಮಾ ಇದು. ಆದ್ರೆ ಆ ಸಂಸ್ಥೆಯ ಆಯ್ಕೆ ಸಮಿತಿಯೋರು ಕಾಗದ ಕೇಳ್ತಾರೆ. ಅರ್ಜೀಲೇ ಇದೆ ನೋಡಿ, ಕನಿಷ್ಠ ಒಂದು ಮೂಲ ದಾಖಲೆ ಲಗತ್ತಿಸಬೇಕು ಅಂತ. ಮುದುಕಿ ಹೇಳಿದ್ಲು ಅಂದ್ರೆ ಅದು ಅವರ ಲೆಕ್ಕದಲ್ಲಿ ಚರಿತ್ರೆ ಅಲ್ಲ."

"ನಿಮ್ಮ ಲೆಕ್ಕದಲ್ಲಿ ಸಾರ್?"

"ನನ್ನ ಲೆಕ್ಕ ಯಾರು ಕೇಳ್ತಾರೆ" ಎಂದು ಅವರು ಸಂಕೋಚದಿಂದ ನಕ್ಕರು.

ಆ ಅಧಿಕಾರಿ ಓದಿದ ಕಾಗದಕ್ಕಾಗಿ ಮೂರು ಶನಿವಾರ ಕಚೇರಿಗಳನ್ನು ಸುತ್ತಿದೆ. ಆ ವರ್ಷದ ಕಟ್ಟು ಇಲ್ಲ ಎಂದರು ಒಂದು ಕಡೆ. ಇನ್ನೊಂದು ಕಡೆ, ಇದ್ದರೂ ಗೆದ್ದಲು ಬಿಟ್ಟಿರಬೇಕಲ್ಲ ಎಂದರು. ಬಾವಿ ಇದೆ, ಸೇದಿದವರು ಇದ್ದಾರೆ, ಊರವರು ತೋಡಿದ ಎರಡನೆಯ ಬಾವಿಯೂ ಇದೆ, ಕಾಗದವೊಂದು ಇಲ್ಲ ಎಂದು ಇಡೀ ಘಟನೆಯೇ ನಡೆದಿಲ್ಲ ಎನ್ನುತ್ತಾರಲ್ಲ ಎಂದು ಮೈಯೆಲ್ಲ ಉರಿಯಿತು. ಮೂರನೆಯ ಶನಿವಾರ ಒಂದು ಕಚೇರಿಯ ಹೊರಗೆ, ಹೊಂಗೆ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದವರು ನನ್ನ ಮುಖ ನೋಡಿ ಏನೆಂದು ಕೇಳಿದರು. ಹೇಳಿಕೊಂಡೆ.

"ಇಲ್ದೇ ಇರೋ ಕಾಗದ ಯಾಕೆ ಹುಡುಕ್ತೀರಾ ಮೇಡಂ? ಹೊಸದು ಮಾಡ್ಕೊಳಿ. ಅಜ್ಜಿ ಹೇಳಿದ್ದನ್ನ ಛಾಪಾ ಕಾಗದದ ಮೇಲೆ ಟೈಪ್ ಮಾಡಿ ಕೊಡ್ತೀನಿ. ಹೆಬ್ಬೆಟ್ಟು ಒತ್ತಿಸಿ, ಇಬ್ರು ಸಾಕ್ಷಿ ಹಾಕ್ಸಿ. ಯಾವ ಸಮಿತಿ ಬೇಡ ಅನ್ನುತ್ತೆ ನೋಡೋಣ."

ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಅವರು ಕಾರ್ಬನ್ ಹಾಕಿ ಟೈಪ್ ಮಾಡಿದರು. ಈ ಕೆಳಗೆ ಹೆಬ್ಬೆಟ್ಟಿನ ಗುರುತು ಮಾಡಿರುವ ನಾನು ಸ್ವಂತ ಇಚ್ಛೆಯಿಂದ, ಯಾರ ಬಲವಂತವೂ ಇಲ್ಲದೆ ಬರೆಸಿಕೊಟ್ಟ ಹೇಳಿಕೆ ಏನೆಂದರೆ, ಎಂದು ಶುರುವಾಗುತ್ತಿತ್ತು. ಬಿಂದಿಗೆ ಅತ್ತೆಯದು ಎನ್ನುವುದನ್ನು ಸೇರಿಸಿ ಎಂದೆ. ಅದೆಲ್ಲ ಬೇಡ ಮೇಡಂ, ತೂಕ ಹೋಗುತ್ತದೆ ಎಂದರು. ಜ್ವರದ ಕೂಸನ್ನು ಮಾತ್ರ ಉಳಿಸಿಕೊಂಡರು.

ಭಾನುವಾರ ಹೆಡ್‌ಮಾಸ್ಟರ ಮೇಜಿನಿಂದ ತಂದ ಇಂಕ್‌ಪ್ಯಾಡ್ ಹಿಡಿದು ಮತ್ತೆ ಹೋದೆ. ಅಜ್ಜಿಗೆ ಪೂರ್ತಿ ಓದಿ ಹೇಳಿದೆ. "ಇಷ್ಟೆಲ್ಲಾ ನಾನೇ ಹೇಳಿದ್ನಾ!" ಎಂದು ಅವರು ಬೆರಗಾದರು. ಹೆಬ್ಬೆಟ್ಟು ಒತ್ತಿ, ಉಳಿದ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡರು. ಸಾಕ್ಷಿಯಾಗಿ ನಾನೊಂದು ಸಹಿ ಹಾಕಿದೆ, ಆಯಾ ತನ್ನ ಹೆಸರನ್ನು ಕನ್ನಡದಲ್ಲಿ ನಿಧಾನವಾಗಿ ಬರೆದಳು. ಅಣ್ಣ ಮನೆಯಲ್ಲಿರಲಿಲ್ಲ. ಸೈಟಿನ ಕಲ್ಲು ನೆಡುವ ಕೂಲಿಗೆ ಹೋಗಿದ್ದ.

ಅದು ಯಾವ ಕಾಲ ಎಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಪೇಪರ್ ಓದಿಯೇ ಕಾಫಿ ಕುಡಿಯುವವಳು ನಾನು. ಬಡಾವಣೆ ಬರುತ್ತದೆ ಎಂದು ಸುದ್ದಿಯಾದ ಕಡೆಯಲ್ಲೆಲ್ಲ ಬ್ರೋಕರುಗಳು ತಿರುಗುತ್ತಿದ್ದರು, ಅಕ್ಷರ ಬಾರದ ಮುದುಕ ಮುದುಕಿಯರಿಂದ ಛಾಪಾ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಜಮೀನು ಹೊಡೆಯುತ್ತಿದ್ದರು. ಅದೇ ಕೇರಿಯಲ್ಲಿ ಒಂದು ಮನೆಯವರು ಹಾಗೆಯೇ ಭೂಮಿ ಕಳೆದುಕೊಂಡಿದ್ದರಂತೆ. ಸರ್ಕಾರ ಕೊಟ್ಟ ಮುಕ್ಕಾಲು ಎಕರೆ ಅಜ್ಜಿಯ ಹೆಸರಿನಲ್ಲೂ ಇತ್ತು. ಇಷ್ಟೆಲ್ಲ ಇರುವಾಗ ನಗರದಿಂದ ಒಬ್ಬ ಹೆಂಗಸು ಛಾಪಾ ಕಾಗದ ಹಿಡಿದುಕೊಂಡು ಹೋಗಿ ಆ ಅಜ್ಜಿಯ ಹೆಬ್ಬೆಟ್ಟು ತೆಗೆದುಕೊಂಡು ಬಂದರೆ ನೋಡಿದವರು ಏನು ತಿಳಿಯುತ್ತಾರೆ? ಇದು ನನಗೆ ಹೊಳೆಯಲೇ ಇಲ್ಲ. ಎಂ.ಎ. ಮಾಡಿದ್ದೆ, ನೋಡಿ.

ಸಂದರ್ಶನ ಚೆನ್ನಾಗಿ ಆಯಿತು. ಸಮಿತಿಯ ಹಿರಿಯರೊಬ್ಬರು ಕಾಗದವನ್ನು ಬೆಳಕಿಗೆ ಹಿಡಿದು ಹೆಬ್ಬೆಟ್ಟನ್ನು ನೋಡಿ, "ಇದು ದಾಖಲೆ!" ಎಂದರು. ಹಿಂದಿನ ವಾರದವರೆಗೂ ಮುದುಕಿಯ ಮಾತಾಗಿದ್ದದ್ದು ಹೀಗೆ ಚರಿತ್ರೆಯಾಯಿತು. ಅಸಲನ್ನು ಅವರೇ ಇಟ್ಟುಕೊಂಡರು. ಕಾರ್ಬನ್ ಪ್ರತಿ ನನ್ನ ಹತ್ತಿರ ಉಳಿಯಿತು.

ಹತ್ತು ಹನ್ನೆರಡು ದಿನವಾಗಿರಬೇಕು. ಮಧ್ಯಾಹ್ನ ಊಟದ ಬೆಲ್ ಹೊಡೆದ ಮೇಲೆ ಆಯಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಹಿಂದೆ ಒಬ್ಬ ಗಂಡಸು. ಸಿಮೆಂಟು ಹತ್ತಿದ ಪ್ಯಾಂಟು, ಕೈಯಲ್ಲಿ ಟವೆಲು. "ನಮ್ಮಣ್ಣ ಮಿಸ್" ಎಂದಳು, ನೆಲ ನೋಡುತ್ತಾ. ಕುರ್ಚಿ ತೋರಿಸಿದೆ. ಅವನು ಕೂರಲಿಲ್ಲ.

"ಮೇಡಂ, ನಮ್ಮವ್ವನ ಕೈಲಿ ಏನಕ್ಕೆ ಹೆಬ್ಬೆಟ್ಟು ಒತ್ತಿಸ್ಕೊಂಡ್ರಿ?"

ಹೇಳಿದೆ. ಬಾವಿ, ಚರಿತ್ರೆ, ಎಂ.ಫಿಲ್., ಸಮಿತಿ. ನಾನು ಹೇಳುತ್ತಾ ಹೋದ ಹಾಗೆ ನನಗೇ ಅದು ಸುಳ್ಳು ಕಥೆಯಂತೆ ಕೇಳಿಸತೊಡಗಿತು. ಮೂವತ್ತು ಮೂವತ್ತೈದು ವರ್ಷದ ಹಿಂದಿನ ಒಂದು ಬಿಂದಿಗೆ ನೀರಿಗಾಗಿ ರಾಜಾಜಿನಗರದ ಹೆಂಗಸು ಛಾಪಾ ಕಾಗದ ತರುತ್ತಾಳೆ ಎಂದರೆ ಯಾರು ನಂಬುತ್ತಾರೆ? ಬ್ಯಾಗಿನಿಂದ ಕಾರ್ಬನ್ ಪ್ರತಿ ತೆಗೆದು ಓದಲು ಚಾಚಿದೆ. ಅವನು ಕೈಗೆ ತೆಗೆದುಕೊಳ್ಳಲಿಲ್ಲ.

"ಕಾಪಿ ಯಾಕೆ ಮೇಡಂ? ಅಸಲು ಕೊಡಿ."

"ಅದು ಸಮಿತಿಯೋರ ಹತ್ರ ಇದೆಯಪ್ಪಾ."

"ಹಂಗಾದ್ರೆ ನಿಮ್ಮತ್ರನೂ ಇಲ್ಲ" ಎಂದು ತಂಗಿಯ ಕಡೆ ತಿರುಗಿದ. "ನೀನು ಬೇರೆ ಸಾಕ್ಷಿ ಹಾಕಿದೀಯಾ. ಓದ್ಕೊಂಡೋಳು ಅಂತ ಸಾಕ್ಷಿ ಹಾಕ್ಬುಟ್ಟೆ, ಅಲ್ವಾ?"

ಅವನ ದನಿ ಏರಲಿಲ್ಲ. ಏರಿದ್ದರೆ ನಾನೂ ಏರಿಸಿ ಗೆಲ್ಲುತ್ತಿದ್ದೆ, ನನ್ನ ಬಾಯಿ ಅಂಥದ್ದೇ. ಬಡಾವಣೆಗೆ ಜಮೀನು ಹಿಡಿಯುವ ನೋಟೀಸು ಆ ವಾರವೇ ಊರಿಗೆ ಬಂದಿತ್ತಂತೆ. ಅಜ್ಜಿ ಮೇಷ್ಟ್ರಮ್ಮನಿಗೆ ಬರೆದುಕೊಟ್ಟಳು ಎಂದು ಕೇರಿಯವರೇ ಹೇಳುತ್ತಿದ್ದರಂತೆ. ಅಜ್ಜಿ ಊಟ ಬಿಟ್ಟಿದ್ದರು.

ಮಾರನೆಯ ದಿನವೇ ಸಂಸ್ಥೆಯ ಕಚೇರಿಗೆ ಓಡಿದೆ. ಅಲ್ಲಿನ ಗುಮಾಸ್ತರು ತಾಳ್ಮೆಯಿಂದಲೇ ಹೇಳಿದರು. ಫೈಲು ಸಮಿತಿಯಲ್ಲಿದೆ, ತೀರ್ಮಾನವಾಗುವವರೆಗೂ ಮುಟ್ಟುವ ಹಾಗಿಲ್ಲ. ತೀರ್ಮಾನ ನನ್ನ ಪರವಾದರೆ ಅಸಲು ಖಾಯಂ ಅಲ್ಲೇ ಇರುತ್ತದೆ. ಬೇಕೇ ಬೇಕು ಎಂದರೆ ಅರ್ಜಿಯನ್ನು ವಾಪಸು ಪಡೆಯಬೇಕು. "ಯೋಚನೆ ಮಾಡಿ ಮೇಡಂ, ನಿಮ್ಮ ಹೆಸರು ಮೇಲೆಯೇ ಇದೆ ಅಂತ ಕೇಳಿದೀನಿ" ಎಂದರು.

ಯೋಚನೆ ಮಾಡಿದೆ, ಅದೇ ನನ್ನ ತಪ್ಪು. ಅರ್ಜಿಯನ್ನೂ ಬಿಡದೆ ಅಜ್ಜಿಯ ಭಯವನ್ನೂ ಕಳೆಯುವ ದಾರಿ ಹುಡುಕಿದೆ. ಶಾಲೆಯ ಲೆಟರ್‌ಹೆಡ್ಡಿನ ಮೇಲೆ, ಈ ಹೇಳಿಕೆಗೂ ಯಾವ ಜಮೀನಿಗೂ ಸಂಬಂಧವಿಲ್ಲ ಎಂದು ಬರೆದು, ಹೆಡ್‌ಮಾಸ್ಟರ ಸಹಿ ಮತ್ತು ಮೊಹರು ಹಾಕಿಸಿ, ಆಯಾ ಕೈಯಲ್ಲಿ ಅಣ್ಣನನ್ನು ಮತ್ತೆ ಕರೆಸಿದೆ. ಅವನು ಮೊಹರನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಇನ್ನೊಂದು ಕಾಗದನಾ ಮೇಡಂ?" ಎಂದ.

ಅವನು ಅದನ್ನು ಮುಟ್ಟಿದಷ್ಟೇ ಜಾಗ್ರತೆಯಿಂದ ಮೇಜಿನ ಮೇಲಿಟ್ಟು ಹೋದ.

ಆ ವಾರವೇ ಆಯ್ಕೆಯ ಪತ್ರ ಬಂತು. ನನ್ನ ಹೆಸರು, ಎರಡು ವರ್ಷ, ಒಪ್ಪಿಗೆ ತಿಳಿಸಲು ಹದಿನೈದು ದಿನ. ಗಂಡ ಸಿಹಿ ತಂದರು. ಮನೆಯಲ್ಲಿ ನಾನು ಓದುವ ಆಸೆಯನ್ನು ಬಾಯಿಬಿಟ್ಟು ಹೇಳದಿದ್ದರೂ ಅವರಿಗೆ ಎಲ್ಲ ಗೊತ್ತಿತ್ತು ಎಂದು ನನಗೆ ಅವತ್ತೇ ತಿಳಿದದ್ದು. ಅತ್ತೆ, "ಮನೆ ಹೆಂಗೋ ನಡೆಯುತ್ತೆ, ನೀನು ಓದ್ಕೋ ಹೋಗೇ" ಎಂದರು. ಇಷ್ಟು ಸುಲಭವಾಗಿ ಎಲ್ಲರೂ ಒಪ್ಪುತ್ತಾರೆ ಎಂದು ಗೊತ್ತಿದ್ದರೆ ಹತ್ತು ವರ್ಷ ಮೊದಲೇ ಕೇಳುತ್ತಿದ್ದೆನಲ್ಲ ಎಂದು ಅಳು ಬಂತು. ಪೇಡೆ ತಿನ್ನುತ್ತಾ ನಾನು ಅತ್ತುಬಿಟ್ಟೆ.

ಆಯಾ ಎಂದಿನಂತೆ ಗಂಟೆ ಹೊಡೆಯುತ್ತಿದ್ದಳು, ಹೂಜಿ ತುಂಬುತ್ತಿದ್ದಳು. ಕಾಗದ ತಂದುಕೊಡಿ ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಬೇಕಾಗಿತ್ತು. ಒಂದೊಂದು ದಿನವೂ ಅವಳ ಮುಖ ತಪ್ಪಿಸಿಕೊಂಡು ತಿರುಗಿದೆ. ಆಯ್ಕೆಯ ಪತ್ರ ಬಂದ ಹನ್ನೊಂದನೆಯ ದಿನ ನೋಟೀಸು ಪುಸ್ತಕಕ್ಕೆ ನನ್ನ ಸಹಿ ಹಾಕಿಸಿಕೊಳ್ಳುವಾಗ ಅವಳೇ ಮೆಲ್ಲಗೆ ಹೇಳಿದಳು.

"ಅವ್ವ ನೀರಿಗೆ ಹೋಗ್ತಾ ಇಲ್ಲ ಮಿಸ್. ಬಾವಿ ಹತ್ರ ಯಾರಾದ್ರೂ ಕೇಳ್ತಾರೆ ಅಂತ. ಪಕ್ಕದ ಮನೆ ಹುಡುಗಿ ಎರಡು ಬಿಂದಿಗೆ ತಂದುಕೊಡ್ತಾಳೆ."

ಪೆನ್ನು ಕೈಯಲ್ಲೇ ಇತ್ತು. ಅವತ್ತೇ ಸಂಜೆ ಸಂಸ್ಥೆಯ ಕಚೇರಿಗೆ ಹೋಗಿ, ವೈಯಕ್ತಿಕ ಕಾರಣಗಳಿಂದ ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ ಎಂದು ಬರೆದುಕೊಟ್ಟೆ. ಗುಮಾಸ್ತರು ಛಾಪಾ ಕಾಗದದಿಂದ ಪಿನ್ನು ಕಿತ್ತು ನನಗೆ ಕೊಟ್ಟರು. ಮೂಲೆಯಲ್ಲಿ ಫೈಲಿನ ನಂಬರು ಬಿದ್ದಿತ್ತು. ದೊಡ್ಡ ತ್ಯಾಗ ಮಾಡಿದೆ ಎಂದು ಯಾರೂ ತಿಳಿಯಬಾರದು. ಹನ್ನೊಂದು ದಿನ ಆ ಪತ್ರವನ್ನು ಬೀರುವಿನಲ್ಲಿ ಸೀರೆಯ ಮಡಿಕೆಯೊಳಗಿಟ್ಟು ದಿನಕ್ಕೆರಡು ಸಲ ತೆಗೆದು ಓದಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಅಜ್ಜಿಯ ಮೇಲೆಯೇ ಸಿಟ್ಟು ಬಂತು. ಇಡೀ ಊರಿಗೆ ಹೆದರದವಳಿಗೆ ನನ್ನ ಒಂದು ಹಾಳೆಗೆ ಹೆದರಿಕೆಯೇ ಎಂದು. ಆಮೇಲೆ ನನ್ನ ಸಿಟ್ಟಿಗೆ ನನಗೇ ಅಸಹ್ಯವಾಯಿತು.

ಪ್ರೊಫೆಸರಿಗೆ ಹೇಳಲು ಹೋದಾಗ ಅವರು, "ಪರವಾಗಿಲ್ಲ ಅಮ್ಮಾ, ಮುಂದಿನ ವರ್ಷ…" ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು. ನನ್ನ ಅರ್ಜಿಯಲ್ಲಿದ್ದ ಹುಟ್ಟಿದ ತಾರೀಖು ಅವರಿಗೆ ನೆನಪಾಗಿರಬೇಕು. ಗಂಡ ಮಾತ್ರ, "ಹುಚ್ಚಾ ನಿಂಗೆ? ಕಾಗದದಲ್ಲಿ ಏನಿದೆ ಅಂತ ಓದಿ ಹೇಳಿದ್ರೆ ಆಗ್ತಿರ್ಲಿಲ್ವಾ?" ಎಂದು ಎರಡು ದಿನ ಮಾತು ಬಿಟ್ಟರು.

ಭಾನುವಾರ ಆಯಾ ಜೊತೆ ಹೋದೆ. ದಾರಿಯ ಎರಡೂ ಕಡೆ ಹೊಲಗಳಲ್ಲಿ ಬಿಳಿ ಬಣ್ಣ ಬಳಿದ ಕಲ್ಲುಗಳು ನಿಂತಿದ್ದವು. ಅಜ್ಜಿ ಜಗಲಿಯ ಮೇಲಿರಲಿಲ್ಲ, ಒಳಗೆ ಒಲೆಯ ಮುಂದೆ ಕೂತಿದ್ದರು. ಅಣ್ಣ ಮನೆಯಲ್ಲೇ ಇದ್ದ. ಅಸಲನ್ನೂ ಕಾರ್ಬನ್ ಪ್ರತಿಯನ್ನೂ ಅವನ ಕೈಗೆ ಕೊಟ್ಟೆ.

ಅವನು ಏಳನೆಯ ಕ್ಲಾಸಿನವರೆಗೆ ಓದಿದ್ದನಂತೆ. ಬಾಗಿಲ ಬೆಳಕಿಗೆ ಹೋಗಿ, ಸಾಲಿನ ಕೆಳಗೆ ಬೆರಳಿಟ್ಟು, ಗಟ್ಟಿಯಾಗಿ ಓದತೊಡಗಿದ. ಸ್ವಂತ ಇಚ್ಛೆಯಿಂದ, ಯಾರ ಬಲವಂತವೂ ಇಲ್ಲದೆ. ಸರ್ವೇ ನಂಬರಿಗಾಗಿ ಹುಡುಕುತ್ತಿದ್ದಾನೆ ಎಂದು ನನಗೆ ಗೊತ್ತಾಗುತ್ತಿತ್ತು. ನನ್ನ ಹಿರಿಯ ಮಗನಿಗೆ ವಿಪರೀತ ಜ್ವರವಿದ್ದು, ಕುಡಿಯಲು ನೀರಿಲ್ಲದ ಕಾರಣ, ಎನ್ನುವಲ್ಲಿಗೆ ಬಂದಾಗ ಬೆರಳು ನಿಂತಿತು. ಮತ್ತೆ ಹಿಂದಿನ ಸಾಲಿನಿಂದ ಓದಿದ, ಈ ಸಲ ಮನಸ್ಸಿನಲ್ಲೇ.

"ಅವ್ವಾ, ಇದು ನಾನಾ?"

ಅಜ್ಜಿ ಬೆಂಕಿ ನೋಡುತ್ತಿದ್ದರು. ಆಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಈ ಕಾಗದ ಇಟ್ಟುಕೊಳ್ಳುತ್ತೇನೆ ಎಂದು ಅವನು ಹೇಳಲಿ ಎಂದು ನನಗೆ ಆಸೆಯಾಯಿತು. ಆಸೆ ಎಂಥ ನಾಚಿಕೆಗೆಟ್ಟದ್ದು, ಅಷ್ಟಾದ ಮೇಲೂ ನನಗೆ ಎಂ.ಫಿಲ್. ನೆನಪಾಯಿತು.

"ಅದ್ನೆಲ್ಲ ಯಾಕೆ ಓದ್ತೀಯಾ. ತತ್ತಾ ಇಲ್ಲಿ" ಎಂದರು ಅಜ್ಜಿ.

ಅವನು ತಾಯಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಎರಡೂ ಹಾಳೆಗಳನ್ನು ಅವರ ಕೈಗೆ ಕೊಟ್ಟ. ಅಜ್ಜಿ ತಮ್ಮ ಹೆಬ್ಬೆಟ್ಟು ಎಲ್ಲಿದೆ ಎಂದು ಹುಡುಕಿ ನೋಡಿಕೊಂಡರು. ಆಮೇಲೆ ಒಲೆಗೆ ಹಾಕಿದರು. ಛಾಪಾ ಕಾಗದ ದಪ್ಪ, ಹತ್ತಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಊದುಗೊಳವೆ ತೆಗೆದುಕೊಂಡು ಊದಿದರು.

ನಾನು ಹತ್ತಿರ ಹೋಗಿ ಕೂತೆ. ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿಕೊಂಡು ಬಂದಿದ್ದೆ, ಆದರೆ ಆಡಿದ್ದು ಬೇರೆ.

"ಅಜ್ಜಿ, ಕಾಗದ ಹೋಯ್ತು ಬಿಡಿ. ಬಾವಿ ವಿಷಯ ನೀವು ಹೇಳಿದ್ದು ನಾನು ಮರೆಯಲ್ಲ" ಎಂದೆ.

ಅಜ್ಜಿ ನನ್ನ ಮುಖ ನೋಡಿದರು. ಕೋಪವಿರಲಿಲ್ಲ. ಪರಿಚಯವೂ ಇರಲಿಲ್ಲ.

"ಯಾವ ಬಾವಿ ತಾಯಿ? ನಾನು ಯಾವ ಬಾವಿಗೂ ಹೋಗಿಲ್ಲ. ಯಾರಿಗೂ ಏನೂ ಹೇಳಿಲ್ಲ."

ಮಗ ತಲೆ ತಗ್ಗಿಸಿದ. ನನ್ನ ನೋಟ್ ಪುಸ್ತಕ ವ್ಯಾನಿಟಿ ಬ್ಯಾಗಿನಲ್ಲೇ ಇತ್ತು. ಅವರು ಕೇಳಲಿಲ್ಲ, ನಾನೂ ತೆಗೆಯಲಿಲ್ಲ. ಅಜ್ಜಿ ತೀರಿಕೊಂಡು, ಬಾವಿ ಮುಚ್ಚಿ, ಊರವರ ಎರಡನೆಯ ಬಾವಿಯೂ ಮುಚ್ಚಿ, ನಾನು ಅದೇ ಪಾಠ ಮಾಡುತ್ತಲೇ ರಿಟೈರ್ ಆದ ಮೇಲೆ ಈಗ ಅದನ್ನು ನೋಡಿಕೊಂಡು ಬರೆಯುತ್ತಿದ್ದೇನೆ. ಬಿಂದಿಗೆ ಅತ್ತೆಯದು ಎನ್ನುವುದು ಅದರಲ್ಲಿದೆ. ಇದಕ್ಕೆ ಅಜ್ಜಿಯ ಒಪ್ಪಿಗೆ ಇಲ್ಲ ಎನ್ನುವುದೂ ನನಗೆ ಗೊತ್ತಿದೆ.

ಆಯಾ ಅವತ್ತು ತೌರಿನಲ್ಲೇ ಉಳಿದಳು. ನಾನೊಬ್ಬಳೇ ಹೊರಟೆ. ಬಿಸಿಲು ಮೊದಲ ದಿನದಷ್ಟೇ ಇತ್ತು, ಗಂಟಲು ಹಾಗೆಯೇ ಒಣಗಿತ್ತು. ನೀರು ಕುಡೀತೀರೇನವ್ವಾ ಎಂದು ಯಾರೂ ಕೇಳಲಿಲ್ಲ, ನನಗೆ ಕೇಳಿ ಪಡೆಯುವ ಮುಖವಿರಲಿಲ್ಲ. ಬಂಡಿದಾರಿಯಲ್ಲಿ ಅರ್ಧ ಗಂಟೆ ನಡೆದು ಮೈಸೂರು ರಸ್ತೆ ಸೇರಿದೆ. ಬಸ್ ಸ್ಟಾಪಿನ ಪೆಟ್ಟಿಗೆ ಅಂಗಡಿಯಲ್ಲಿ ಊರಿನವರೊಬ್ಬರು ಕೂತಿದ್ದರು. ನೀರು ಕೇಳಿದೆ. ನನ್ನ ಸೀರೆ ನೋಡಿದರು, ಕೈಗಡಿಯಾರ ನೋಡಿದರು. ಯಾರು, ಎಲ್ಲಿಯವಳು ಎಂದು ಏನೂ ಕೇಳದೆ ತಮ್ಮ ಲೋಟದಲ್ಲೇ ಬಗ್ಗಿಸಿ ಕೊಟ್ಟರು. ಕುಡಿದೆ.